ಡ್ರಮ್ ಕೋರ್: ಹೆಜ್ಜೆಯ ತಾಳದಿಂದ ಮೈದಾನದ ಸಂಗೀತಕ್ಕೆ

ಅಮೆರಿಕದ ಡ್ರಮ್ ಕೋರ್ ಪರಂಪರೆ ಬೆಳೆದದ್ದು ಮಾಜಿ ಸೈನಿಕರ ಆಸರೆಯಲ್ಲಿ. ಮೊದಲ ಮಹಾಯುದ್ಧದಲ್ಲಿ ಹೋರಾಡಿದವರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘ ಕಟ್ಟಿಕೊಂಡರು. ಅದರ ಊರೂರಿನ ಶಾಖೆಗಳು ಬ್ಯೂಗಲ್, ಡ್ರಮ್ಮು, ಬಾವುಟಗಳ ಮೆರವಣಿಗೆ ತಂಡಗಳನ್ನು, ಅಂದರೆ ಡ್ರಮ್ ಕೋರ್‌ಗಳನ್ನು, ಸಾಕಿದವು, ಅವುಗಳ ನಡುವೆ ಪಂದ್ಯ ಏರ್ಪಡಿಸಿದವು. ಮುಂದೆ ಚರ್ಚುಗಳೂ ಸ್ಕೌಟ್ ದಳಗಳೂ ಬಡಾವಣೆಯ ಹುಡುಗರಿಗಾಗಿ ಇಂಥ ತಂಡಗಳನ್ನು ಕಟ್ಟಿದವು. ಆಗ ಡ್ರಮ್ಮಿಗಿದ್ದದ್ದು ಒಂದೇ ಕೆಲಸ: ಹೆಜ್ಜೆ ತಪ್ಪದಂತೆ ನೋಡಿಕೊಳ್ಳುವುದು.

ಆದರೆ ಒಬ್ಬ ಗುರು ಕಲಿಸಿದ ನುಡಿಸಾಣಿಕೆ ಇನ್ನೊಬ್ಬನದಕ್ಕೆ ಹೊಂದುತ್ತಿರಲಿಲ್ಲ. 1933ರಲ್ಲಿ ಷಿಕಾಗೋದ ಲೀಜನ್ ಸಮಾವೇಶಕ್ಕೆ ಬಂದಿದ್ದ ಹಿರಿಯ ಡ್ರಮ್ಮರುಗಳು ಒಟ್ಟಿಗೆ ಕುಳಿತು ತಮ್ಮದೇ ಸಂಘವೊಂದನ್ನು ಹುಟ್ಟುಹಾಕಿದರು. ಎಲ್ಲರೂ ಕಲಿಯಬೇಕಾದ ಮೂಲಪಾಠಗಳ ಪಟ್ಟಿ ಮಾಡಿದರು. ಮೊದಲು 13, ಆಮೇಲೆ ಇನ್ನೂ 13, ಹೀಗೆ ಒಟ್ಟು 26. ಮೃದಂಗ ಕಲಿಯುವವನಿಗೆ ಸೊಲ್ಲುಗಳು ಹೇಗೋ ಈ ಕೈಗಳಿಗೆ ಫ್ಲಾಮ್, ಡ್ರ್ಯಾಗ್, ಪ್ಯಾರಡಿಡಲ್‌ಗಳು ಹಾಗೆ. 1984ರಲ್ಲಿ ಪರ್ಕಸಿವ್ ಆರ್ಟ್ಸ್ ಸೊಸೈಟಿ ಈ ಪಟ್ಟಿಯನ್ನು 40ಕ್ಕೆ ಏರಿಸಿತು.

ವಾದ್ಯವೂ ಬದಲಾಯಿತು. ಕರುವಿನ ಚರ್ಮದ ಹೊದಿಕೆ ಮಳೆಗೆ, ತೇವಕ್ಕೆ ಸಡಿಲಾಗುತ್ತಿತ್ತು. 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಆ ಕಾಟ ತಪ್ಪಿತು. ಮೊದಲು ಸ್ನೇರ್ ಡ್ರಮ್ಮನ್ನು ಬಾರಿನಿಂದ ಎಡತೊಡೆಯ ಮೇಲೆ ಓರೆಯಾಗಿ ನೇತುಹಾಕಿಕೊಳ್ಳುತ್ತಿದ್ದರು. ಅದರ ಅಂಚಿಗೆ ಬಡಿಯದಂತೆ ಎಡಗೈಯನ್ನು ಅಂಗಾತ ತಿರುಗಿಸಿ, ಹೆಬ್ಬೆರಳಿನ ಸಂದಿನಲ್ಲಿ ಕೋಲು ಹಿಡಿಯುವ ರೂಢಿ ಬಂತು. ಹೆಗಲಿಗೆ ತೊಡುವ ಚೌಕಟ್ಟು ಬಂದು ಡ್ರಮ್ಮು ಸಮತಟ್ಟಾಗಿ ನಿಂತ ಮೇಲೂ ಎಷ್ಟೋ ತಂಡಗಳು ಆ ಹಿಡಿತ ಬಿಟ್ಟಿಲ್ಲ. ಅದು ಈಗ ಅಗತ್ಯವಲ್ಲ, ಪರಂಪರೆಯ ಮೇಲಿನ ಗೌರವ.

ಡ್ರಮ್ಮಿನ ಸಾಲು ಸಂಗೀತ ನುಡಿಸಲು ಕಲಿತ ಕಥೆಯಲ್ಲಿ ಫ್ರೆಡ್ ಸ್ಯಾನ್‌ಫರ್ಡ್ ಹೆಸರು ದೊಡ್ಡದು. ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಊರಿನಲ್ಲಿ 1957ರಲ್ಲಿ ಟ್ರೂಪರ್ಸ್ ತಂಡ ಹುಟ್ಟಿತು; ಹಳೆಯ ಅಶ್ವದಳದ ನೀಲಿ ಸಮವಸ್ತ್ರವೇ ಅದರ ಗುರುತು. ಸ್ಯಾನ್‌ಫರ್ಡ್ ಡ್ರಮ್ಮು ಬಾರಿಸಿ ಬೆಳೆದದ್ದು ಅಲ್ಲೇ. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಬಂದವರು, 1967ರಲ್ಲಷ್ಟೇ ಆರಂಭವಾಗಿದ್ದ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ತಂಡದ ಡ್ರಮ್ಮುಗಳ ಹೊಣೆ ಹೊತ್ತರು. ಬ್ಯೂಗಲ್ಲುಗಳ ರಾಗದ ಏರಿಳಿತಕ್ಕೆ ತಕ್ಕಂತೆ ಪೆಟ್ಟುಗಳನ್ನು ರಚಿಸುವುದು, ಬೇಕಾದಲ್ಲಿ ಸುಮ್ಮನಿರುವುದು ಅವರ ರೀತಿ. 1973ರಿಂದ 1979ರ ನಡುವೆ ಅವರ ಸಾಲು ಐದು ಬಾರಿ ರಾಷ್ಟ್ರಮಟ್ಟದಲ್ಲಿ ಮೊದಲ ಸ್ಥಾನ ಪಡೆಯಿತು.

ಆ ಕಾಲದ ಬದಲಾವಣೆ ಅತಿ ಸ್ಪಷ್ಟವಾಗಿ ಕಾಣುವುದು ಬಾಸ್ ಡ್ರಮ್ಮುಗಳಲ್ಲಿ. ಮೊದಲು ಎಲ್ಲರೂ ಒಂದೇ ಪೆಟ್ಟು ಹಾಕುತ್ತಿದ್ದರು. ಆಮೇಲೆ ಬೇರೆ ಬೇರೆ ಗಾತ್ರದ ಡ್ರಮ್ಮುಗಳನ್ನು ಬೇರೆ ಬೇರೆ ಶ್ರುತಿಗೆ ಬಿಗಿದು, ಪೆಟ್ಟುಗಳ ಒಂದೇ ಸಾಲನ್ನು ನಾಲ್ಕೈದು ಜನರಿಗೆ ಹಂಚಿದರು. ಒಬ್ಬನ ಪಾಲಿಗೆ ಬರುವುದು ಒಂದೊಂದೇ ಪೆಟ್ಟು. ಅದು ಕ್ಷಣದ ಒಂದಂಶ ಹಿಂದೆ ಸರಿದರೂ ಸಾಲು ಕುಂಟುತ್ತದೆ. ತನ್ನ ಪೆಟ್ಟಿನಷ್ಟೇ ಪಕ್ಕದವನ ಪೆಟ್ಟನ್ನೂ ಮನಸ್ಸಿನಲ್ಲಿ ನುಡಿಸಿಕೊಳ್ಳುತ್ತ, ಹಿಂದಕ್ಕೋ ಅಡ್ಡಕ್ಕೋ ನಡೆಯುತ್ತ ಇದನ್ನು ಸಾಧಿಸಬೇಕು. ತಾಳವಾದ್ಯದ ಲೋಕದಲ್ಲಿ ಇಷ್ಟು ಕಠಿಣವಾದ ಸಹವಾದನ ಅಪರೂಪ.

ತಂಡಗಳು ತಮ್ಮದೇ ಆಡಳಿತ ಬಯಸಿ ಕಟ್ಟಿಕೊಂಡ ಡ್ರಮ್ ಕೋರ್ ಇಂಟರ್‌ನ್ಯಾಷನಲ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಸಿತು. ಆಗ ತೀರ್ಪುಗಾರರು ಸಾಲಿನ ಪಕ್ಕದಲ್ಲೇ ನಡೆಯುತ್ತ, ಕಿವಿಗೆ ಬಿದ್ದ ಪ್ರತಿ ತಪ್ಪಿಗೂ ಅಂಕದ ಹತ್ತರಲ್ಲೊಂದು ಪಾಲು ಕಳೆಯುತ್ತಿದ್ದರು. ಇದರಿಂದ ನುಡಿಸಾಣಿಕೆ ಶುದ್ಧವಾಯಿತು, ಸಾಹಸ ಕುಗ್ಗಿತು. 1984ರಲ್ಲಿ ಆ ಕ್ರಮ ಹೋಗಿ ಸಾಧನೆಗೆ ಅಂಕ ಕೊಡುವ ಕ್ರಮ ಬಂತು. ಅದೇ ದಶಕದಲ್ಲಿ ಮರಿಂಬಾ, ವೈಬ್ರಫೋನ್, ಟಿಂಪನಿಗಳನ್ನು ಮೈಮೇಲೆ ಹೊರದೆ ಮೈದಾನದ ಮುಂಭಾಗದಲ್ಲಿ ನೆಲಕ್ಕಿಟ್ಟು ನುಡಿಸಲು ಅನುಮತಿ ಸಿಕ್ಕಿತು. 2004ರಿಂದ ಧ್ವನಿವರ್ಧಕವೂ ಬಂತು.

ಹದಿಹರೆಯದಲ್ಲಿ ಸೇರಿದ ವಾದಕ ಸುಮಾರು 22ನೇ ವಯಸ್ಸಿಗೆ ಕಿರಿಯರ ತಂಡದಿಂದ ಹೊರಬರಲೇಬೇಕು. ಆದರೂ ನಂಟು ಕಡಿಯುವುದಿಲ್ಲ. ಹಲವರು ಬೇಸಿಗೆಯಲ್ಲಿ ಶಿಕ್ಷಕರಾಗಿ ಮರಳುತ್ತಾರೆ. ಕೆಲವರು ರಚನೆಕಾರರು, ತೀರ್ಪುಗಾರರು ಆಗುತ್ತಾರೆ. ಬಿಟ್ಟಿರಲಾಗದವರಿಗೆ ವಯೋಮಿತಿಯಿಲ್ಲದ ತಂಡಗಳಿವೆ. 1990ರ ದಶಕದಿಂದ ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್ ಒಳಾಂಗಣದಲ್ಲಿ ಡ್ರಮ್ಮು ಪಂದ್ಯಗಳನ್ನೂ ನಡೆಸುತ್ತಿರುವುದರಿಂದ ಚಳಿಗಾಲವೂ ಬಿಡುವಿಲ್ಲ. ಈ ಕಲೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ದಾಟಿ ಉಳಿದದ್ದು ಇಂಥವರಿಂದ.

ಕಳೆದುಹೋದದ್ದೂ ಇದೆ. ದೇಶ ಸುತ್ತುವ ಬಸ್ಸು, ಊಟ, ವಾದ್ಯಗಳ ಖರ್ಚು ತಾಳಲಾರದೆ ಬಡಾವಣೆಯ ನೂರಾರು ಸಣ್ಣ ತಂಡಗಳು ಮುಚ್ಚಿದವು. ಇಂದು ಒಂದು ಬೇಸಿಗೆ ದೊಡ್ಡ ತಂಡದಲ್ಲಿ ನುಡಿಸಬೇಕಾದರೆ ಯುವಕರೇ ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು. ಕಾರ್ಮಿಕರ ಮಕ್ಕಳಿಗೆ ಸಲೀಸಾಗಿ ತೆರೆದಿದ್ದ ಬಾಗಿಲು ಕಿರಿದಾದದ್ದು ಈ ಇತಿಹಾಸದ ದೊಡ್ಡ ನಷ್ಟ.

ಸ್ಯಾನ್‌ಫರ್ಡ್ 2000ದಲ್ಲಿ ತೀರಿಕೊಂಡರು. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಚಾಂಪಿಯನ್‌ಷಿಪ್‌ನಲ್ಲಿ ಅತ್ಯುತ್ತಮ ತಾಳವಾದ್ಯ ವಿಭಾಗಕ್ಕೆ ಕೊಡುವ ಪ್ರಶಸ್ತಿ ಈಗ ಅವರ ಹೆಸರಿನಲ್ಲಿದೆ.