ಸನದು ಯಾರ ಕೈಯಲ್ಲಿ?

ಧಾರವಾಡದಲ್ಲಿ ನಾನು ವಕೀಲಿ ಶುರುಮಾಡಿದ ಎರಡನೇ ವರ್ಷ, 1984. ಪಾಟಿ ಸವಾಲಿನಲ್ಲಿ ನಾನು ಕೇಳಿದ ಪ್ರಶ್ನೆಯನ್ನು ಮುನ್ಸಿಫರು ಬರೆದುಕೊಳ್ಳಲಿಲ್ಲ. ಸಿಟ್ಟು ನೆತ್ತಿಗೇರಿ ಕೈಯಲ್ಲಿದ್ದ ಫೈಲನ್ನು ಮೇಜಿಗೆ ಕುಕ್ಕಿದೆ. ಅವರು ಏನೂ ಅನ್ನದೆ ಮುಂದಿನ ಕೇಸು ಕೂಗಿಸಿದರು. ಸಂಜೆ ನನ್ನ ಸೀನಿಯರ್ ಕೇಳಿದರು: "ತಮ್ಮಾ, ನಿನ್ನ ಸನದು ಕಸಗೊಳ್ಳೋ ಅಧಿಕಾರ ಆ ಸಾಹೇಬರಿಗೆ ಇಲ್ಲ, ನಮ್ಮ ವಕೀಲರ ಕೈಯಾಗ ಅದ. ಅದಕ್ಕ ನಾ ಕೇಳಲಿಕತ್ತೀನಿ, ನಾಳೆ ಏನ್ ಮಾಡ್ತಿ?" ಮರುದಿನ ತುಂಬಿದ ಕೋರ್ಟಿನಲ್ಲೇ ಎದ್ದು ನಿಂತು ಕ್ಷಮೆ ಕೇಳಿದೆ.

ಆ ಅಧಿಕಾರ ವಕೀಲರಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಬ್ರಿಟಿಷರ ಕಾಲದಲ್ಲಿ ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಕೊಡುವುದೂ ಕಿತ್ತುಕೊಳ್ಳುವುದೂ ಹೈಕೋರ್ಟಿನ ಕೈಯಲ್ಲಿತ್ತು. ಧಾರವಾಡದವರಿಗೆ ಅದು ಬಾಂಬೆ ಹೈಕೋರ್ಟು. ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ್ದ ಅಹಮದಾಬಾದಿನ ವಕೀಲರನ್ನು ಅದೇ ಹೈಕೋರ್ಟು 1919ರಲ್ಲಿ ಶಿಸ್ತಿನ ವಿಚಾರಣೆಗೆ ಕರೆದು ಎಚ್ಚರಿಕೆ ಕೊಟ್ಟಿತು. ನ್ಯಾಯಪೀಠದ ಮುಂದೆ ಅವರು ದನಿ ಎತ್ತಿರಲಿಲ್ಲ, ಆದರೂ ಅನ್ನದ ದಾರಿ ತೂಗುಯ್ಯಾಲೆಯಲ್ಲಿತ್ತು. 1926ರ ಕಾಯ್ದೆ ವಿಚಾರಣೆಯಲ್ಲಿ ವಕೀಲರ ಪರಿಷತ್ತಿಗೆ ಪಾಲು ಕೊಟ್ಟಿತು; ಶಿಕ್ಷೆ ಮಾತ್ರ ಹೈಕೋರ್ಟಿನದೇ ಆಗಿ ಉಳಿಯಿತು. 1961ರ ವಕೀಲರ ಕಾಯ್ದೆ ಬಂದ ಮೇಲೆ ರಾಜ್ಯ ಪರಿಷತ್ತಿನ ಮೂವರು ವಕೀಲರ ಶಿಸ್ತು ಸಮಿತಿಯೇ ದೂರು ಕೇಳಿ, ವಾಗ್ದಂಡನೆ ಮಾಡಬಹುದು, ಸನದು ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದಲ್ಲಿ ಮುಗಿಯದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ.

ಈ ಏರ್ಪಾಟಿನ ನಿಜವಾದ ಪರೀಕ್ಷೆ ನಡೆದದ್ದು 1994ರ ಮಾರ್ಚ್ 9ರಂದು, ಅಲಹಾಬಾದ್ ಹೈಕೋರ್ಟಿನಲ್ಲಿ. ವಿಚಾರಣೆಗೆ ಬಂದಿದ್ದ ಆದೇಶ ಯಾವ ಕಾನೂನಿನಡಿ ಆಯಿತು ಎಂದು ನ್ಯಾಯಮೂರ್ತಿ ಎಸ್.ಕೆ. ಕೇಶೋಟೆ ಕೇಳಿದರು. ಎದುರಿಗೆ ವಾದಿಸುತ್ತಿದ್ದ ವಕೀಲ ವಿನಯ್ ಚಂದ್ರ ಮಿಶ್ರಾ ಏರುದನಿಯಲ್ಲಿ ಅವರನ್ನು ಬೆದರಿಸಿದರೆಂಬುದು ಪ್ರಕರಣ. ಮಿಶ್ರಾ ಆಗ ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರು. ರಾಜ್ಯ ಪರಿಷತ್ತಿನಲ್ಲಿ ವರ್ಷದೊಳಗೆ ಮುಗಿಯದಿದ್ದರೆ ದೂರು ಅವರ ಮನೆಯ ಬಾಗಿಲಿಗೇ ಹೋಗಬೇಕಿತ್ತು! 1995ರಲ್ಲಿ ಸುಪ್ರೀಂ ಕೋರ್ಟು ಇದು ನ್ಯಾಯಾಂಗ ನಿಂದನೆಯೆಂದು ಹೇಳಿ ಆರು ವಾರದ ಸಜೆ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟಿತು. ಜೊತೆಗೆ ತಾನೇ ಮೂರು ವರ್ಷ ಸನದನ್ನೂ ತಡೆಹಿಡಿಯಿತು.

ಸುಪ್ರೀಂ ಕೋರ್ಟಿನ ವಕೀಲರ ಸಂಘ ಇದನ್ನು ಪ್ರಶ್ನಿಸಿತು. 1998ರ ಏಪ್ರಿಲ್ 17ರಂದು ಐವರ ಸಂವಿಧಾನ ಪೀಠ ತೀರ್ಪಿತ್ತಿತು. ನಮ್ಮ ನಾಡಿನ ಎಸ್. ರಾಜೇಂದ್ರ ಬಾಬು ಅವರೂ ಅದರಲ್ಲಿದ್ದರು. ನಿಂದನೆಗೆ ಸಜೆ, ದಂಡ ಕೋರ್ಟಿನ ಅಧಿಕಾರ. ಸನದಿಗೆ ಕೈಹಾಕುವುದು ಪರಿಷತ್ತಿನ ಕೆಲಸ. ಆದರೆ ಪರಿಷತ್ತು ಕೈಕಟ್ಟಿ ಕೂತರೆ ತನ್ನ ಮೇಲ್ಮನವಿ ಅಧಿಕಾರ ಬಳಸಿ ತಾನು ನಡುವೆ ಬರಬಹುದೆಂದೂ ಪೀಠ ಹೇಳಿತು.

ಆ ತೀರ್ಪಿನ ಸುದ್ದಿಗೆ ನಮ್ಮ ಬಾರ್ ರೂಮಿನಲ್ಲಿ ಎಲ್ಲರೂ ಖುಷಿಪಟ್ಟರು. ನನಗೆ ಕೇಳಿಸಿದ್ದು ಅದರ ಕೊನೆಯ ಮಾತು, ಅದರ ಜೊತೆಗೆ ನನ್ನ ಸೀನಿಯರ್ ಅಂದು ಕೇಳಿದ ಪ್ರಶ್ನೆ. ನನ್ನ ಆಫೀಸಿಗೆ ಬರುವ ಜೂನಿಯರ್‌ಗಳಿಗೆ ಇವತ್ತಿಗೂ ಒಂದು ಮಾತು ಹೇಳುತ್ತೇನೆ: ನಮ್ಮವನೊಬ್ಬ ನ್ಯಾಯಾಧೀಶರ ಮೇಲೆ ಕೂಗಾಡತೊಡಗಿದರೆ, ಅವನ ಕೋಟು ಜಗ್ಗಿ ಕೂರಿಸುವ ಮೊದಲ ಕೈ ಪಕ್ಕದ ಕುರ್ಚಿಯ ವಕೀಲನದ್ದಾಗಿರಬೇಕು.