ಮುಳ್ಳು ಸವೆದಾಗ

ಗ್ರಾಮಫೋನಿನ ಹಳೆಯ ಕಾಲದಲ್ಲಿ ಮುಳ್ಳಿನ ವಿಷಯದಲ್ಲಿ ಯೋಚನೆಗೆ ಎಡೆಯೇ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಂದಿನಿಂದ ಹಲವು ದಶಕಗಳವರೆಗೆ ನಮ್ಮವರು ಕೇಳಿದ್ದು ಅರಗಿನ ತಟ್ಟೆಗಳನ್ನು. ಆ ಅರಗಿನಲ್ಲಿ ಕಲ್ಲಿನ ಪುಡಿ ಬೆರೆತಿರುತ್ತಿತ್ತು. ಅದು ಉಕ್ಕಿನ ಮುಳ್ಳನ್ನು ಉಜ್ಜಿ ಸವೆಸುತ್ತಿತ್ತು. ಒಂದು ಮಗ್ಗುಲು ಮುಗಿಯಿತೆಂದರೆ ಮುಳ್ಳನ್ನು ಎಸೆದು ಹೊಸದನ್ನು ಸಿಕ್ಕಿಸುವುದೇ ಕ್ರಮ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಲಾಂಗ್‌ಪ್ಲೇ ತಟ್ಟೆಯನ್ನು ಹೊರತಂದ ಮೇಲೆ ಈ ಕ್ರಮ ಬದಲಾಯಿತು. ವಿನೈಲಿನ ಕಿರಿದಾದ ಗೀರಿಗೆ ಅಂಗುಲದ ಸಾವಿರದಲ್ಲೊಂದು ಪಾಲು ತ್ರಿಜ್ಯದ ತುದಿ ಬೇಕಾಯಿತು. ಅದನ್ನು ನೀಲಮಣಿಯಿಂದಲೋ ವಜ್ರದಿಂದಲೋ ಮಾಡಿ ಕಾರ್ಟ್ರಿಜ್ಜಿನಲ್ಲಿ ಕೂಡಿಸಿದರು. ಮುಳ್ಳು ಬಾಳಿಕೆಗೆ ಬಂತು. ರಿಪೇರಿಯೋ, ಬದಲಾವಣೆಯೋ ಎಂಬ ಪ್ರಶ್ನೆಯೂ ಅದರೊಡನೆ ಬಂತು.

ಕೆಟ್ಟಿರುವುದು ಯಾವ ಭಾಗ ಎಂಬುದನ್ನು ಮೊದಲು ನೋಡಬೇಕು. ತುದಿ ಮಾತ್ರ ಸವೆದು, ಬಿಡಿ ಮುಳ್ಳು ಸಿಗುವಂತಿದ್ದರೆ ಅಷ್ಟನ್ನೇ ಬದಲಿಸಿದರೆ ಸಾಕು. ಹಿಂದಿನ ಅನೇಕ ಕಾರ್ಟ್ರಿಜ್ಜುಗಳಲ್ಲಿದ್ದ ರೋಷೆಲ್ ಲವಣದ ಹರಳು ಸೆಕೆಗೂ ತೇವಕ್ಕೂ ಕೆಡುವಂಥದು. ಅದು ಹಾಳಾಗಿದ್ದರೆ ಹೊಸ ಮುಳ್ಳು ಹಾಕಿ ಫಲವಿಲ್ಲ, ಕಾರ್ಟ್ರಿಜ್ಜನ್ನೇ ಬದಲಿಸುವುದು ಮೇಲು. ದುಬಾರಿಯಾದ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ಜಿಗೆ ಹೊಸ ತುದಿ ಕೂಡಿಸಬಲ್ಲ ಕುಶಲಿಗಳು ಇಂದಿಗೂ ಇದ್ದಾರೆ. ಆದರೆ ಒಳಗಿನ ರಬ್ಬರು ಗಡುಸಾಗಿದ್ದರೆ ತುದಿಯೊಂದು ಹೊಸದಾದರೆ ಸಾಲದು.

ಯಾವುದನ್ನು ಮಾಡಿದರೂ ತಡಮಾಡುವುದು ತರವಲ್ಲ. ಅಂದು ತಟ್ಟೆ ಮುಳ್ಳನ್ನು ಸವೆಸುತ್ತಿತ್ತು. ಈಗ ಸವೆದ ವಜ್ರವೇ ತಟ್ಟೆಯ ಗೀರನ್ನು ಕೆರೆಯುತ್ತದೆ. ಮತ್ತೆ ಅಚ್ಚಾಗದ ಹಾಡೊಂದು ಹಾಗೆ ಅಳಿಸಿಹೋದರೆ ಯಾವ ರಿಪೇರಿಯೂ ಅದನ್ನು ಮರಳಿ ತರಲಾರದು.