ಸರ್ಕಿಟ್ ಬೋರ್ಡಿನ ಆಂಟೆನಾ: ರಾಡಾರ್ ಸೆನ್ಸರ್‌ನ ನೋಟವನ್ನು ಲೆಕ್ಕ ಹಾಕುವ ಬಗೆ

ವಾಹನದ ಬಂಪರ್‌ನೊಳಗೆ ಅಡಗಿರುವ ರಾಡಾರ್ ಸೆನ್ಸರ್‌ಗೆ ಗಿರಗಿರನೆ ತಿರುಗುವ ದೊಡ್ಡ ತಟ್ಟೆಯಿಲ್ಲ. ಸರ್ಕಿಟ್ ಬೋರ್ಡಿನ ಮೇಲೆಯೇ ಮೂಡಿಸಿದ ತಾಮ್ರದ ಪುಟ್ಟ ಚೌಕಗಳೇ ಅದರ ಆಂಟೆನಾ. 24 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 12.5 ಮಿ.ಮೀ.; ಬೋರ್ಡಿನೊಳಗೆ ಅದು ಇನ್ನಷ್ಟು ಕುಗ್ಗುವುದರಿಂದ ಒಂದು ಚೌಕದ ಅಳತೆ 3 ಮಿ.ಮೀ. ಆಸುಪಾಸಿನದು. ಈ ಚೌಕಗಳ ಸಾಲು ಯಾವ ದಿಕ್ಕಿಗೆ ಎಷ್ಟು ಶಕ್ತಿ ಸೂಸುತ್ತದೆ ಎಂಬುದರ ನಕ್ಷೆಗೆ ವಿಕಿರಣ ವಿನ್ಯಾಸ ಎಂದು ಹೆಸರು. ಬೋರ್ಡ್ ತಯಾರಾಗುವ ಮುನ್ನವೇ ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ.

ನಕ್ಷೆ ತಪ್ಪಿದರೆ ಏನಾದೀತು? ದಾವಣಗೆರೆ-ಹರಿಹರ ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 48ನ್ನು ನೆನೆಯಬಹುದು. ಮಾಯಕೊಂಡದ ಕಡೆಯಿಂದ ಬಂದ ರೈತನೊಬ್ಬ 50 ಮೀಟರ್ ಮುಂದೆ ರಸ್ತೆ ದಾಟುತ್ತಿದ್ದಾನೆ. 25 ಮೀಟರ್ ದೂರದಲ್ಲಿ, ರಸ್ತೆಯ ಅಂಚಿನಾಚೆ ಲಾರಿಯೊಂದು ನಿಂತಿದೆ. ಎಂಟು ಚೌಕಗಳಿಗೆ ಸಮನಾಗಿ ಶಕ್ತಿ ಹಂಚಿದರೆ ಮುಖ್ಯ ಕಿರಣಪುಂಜದ ಪಕ್ಕದಲ್ಲೇ ಸುಮಾರು 13 ಡೆಸಿಬಲ್ ಕಡಿಮೆಯ ಉಪಪುಂಜವೊಂದು ಏಳುತ್ತದೆ. ಅಲೆ ಹೋಗಿ ಬರುವಾಗ ಈ ಇಳಿತ ಇಮ್ಮಡಿಯಾಗಿ, 400ರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಆದರೆ ಲಾರಿಯ ಪ್ರತಿಫಲನ ಮನುಷ್ಯನಿಗಿಂತ ನೂರು ಪಟ್ಟು ಎಂದು ಹಿಡಿದರೆ, ಅರ್ಧ ದೂರದ ಕಾರಣ ಮತ್ತೆ 16 ಪಟ್ಟು ಸೇರುತ್ತದೆ. ಅಂದರೆ ಪಕ್ಕದ ಲಾರಿಯ ಪ್ರತಿಧ್ವನಿ ಎದುರಿನ ರೈತನದಕ್ಕಿಂತ ನಾಲ್ಕು ಪಟ್ಟು! ದೂರವನ್ನಷ್ಟೇ ಅಳೆದು ದಿಕ್ಕನ್ನು ಅರಿಯದ ಸರಳ ಸೆನ್ಸರ್‌ಗೆ ಲಾರಿ ದಾರಿಗಡ್ಡ ನಿಂತಂತೆಯೇ ಸರಿ. ಅಂಚಿನ ಚೌಕಗಳಿಗೆ ಶಕ್ತಿ ಕಡಿಮೆ ಮಾಡಿ ಉಪಪುಂಜವನ್ನು 20 ಡೆಸಿಬಲ್‌ಗೆ ಇಳಿಸಿದರೆ ಲಾರಿಯ ಪ್ರತಿಧ್ವನಿ ರೈತನದರ ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಮುಖ್ಯ ಪುಂಜ ತುಸು ಅಗಲವಾಗುವುದು ಅದಕ್ಕೆ ತೆರಬೇಕಾದ ಬೆಲೆ.

ಲೆಕ್ಕದ ವಿಧಾನಗಳು ಹಲವು. 1966ರಲ್ಲಿ ಕೇನ್ ಯೀ ಪ್ರಕಟಿಸಿದ ವಿಧಾನದಲ್ಲಿ ಆಂಟೆನಾ ಇರುವ ಅವಕಾಶವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಭಜಿಸಿ, ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕ್ಷಣಕ್ಷಣಕ್ಕೂ ಬಿಡಿಸಲಾಗುತ್ತದೆ. ಇದನ್ನೇ ಆಧರಿಸಿದ ಓಪನ್‌ಇಎಂಎಸ್ ಎಂಬ ಉಚಿತ ತಂತ್ರಾಂಶವಿರುವುದರಿಂದ ಜಿಲ್ಲಾ ಕೇಂದ್ರದ ಕಾಲೇಜು ವಿದ್ಯಾರ್ಥಿಗೂ ಈ ವಿದ್ಯೆ ಈಗ ಎಟುಕದ್ದಲ್ಲ. ಕರ್ನಾಟಕದಲ್ಲಿ ಇದಕ್ಕೆ ಹಳೆಯ ತಳಹದಿಯೇ ಇದೆ. ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದ ರಾಜೇಶ್ವರಿ ಚಟರ್ಜಿ, ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ರಾಡಾರ್‌ಗಾಗಿಯೇ ಮೀಸಲಾದ ಎಲ್‌ಆರ್‌ಡಿಇ ಪ್ರಯೋಗಾಲಯವೂ ಇದೇ ನಗರದಲ್ಲಿದೆ.

ಪರದೆಯ ಮೇಲಿನ ಬಣ್ಣದ ಚಿತ್ರ ಎಷ್ಟೇ ಸೊಗಸಾಗಿರಲಿ, ಒದಗಿಸಿದ ಅಂಕಿಗಳಿಗಿಂತ ಹೆಚ್ಚು ನಿಜವನ್ನು ಅದು ಹೇಳಲಾರದು. ಸಾಮಾನ್ಯ ಗಾಜುನಾರಿನ ಬೋರ್ಡಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 4.4 ಎಂದು ಕೊಟ್ಟು, ವಾಸ್ತವದಲ್ಲಿ 4.6 ಇದ್ದರೆ ಆಂಟೆನಾದ ಆವೃತ್ತಿ ಶೇ. 2ರಷ್ಟು, ಅಂದರೆ ಹತ್ತಿರಹತ್ತಿರ ಅರ್ಧ ಗಿಗಾಹರ್ಟ್ಸ್ ಜಾರುತ್ತದೆ. 24.00ರಿಂದ 24.25ರವರೆಗಿನ ಪಟ್ಟಿಯ ಅಗಲವೇ ಅದರ ಅರ್ಧ! ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಲೆಕ್ಕದಿಂದ ಕೈಬಿಡುವುದು ಇನ್ನೊಂದು ಸಾಮಾನ್ಯ ಲೋಪ. ಮುಚ್ಚಳದ ದಪ್ಪ ಪ್ಲಾಸ್ಟಿಕ್‌ನೊಳಗಿನ ಅರ್ಧ ತರಂಗದಷ್ಟು, ಸುಮಾರು 3.7 ಮಿ.ಮೀ. ಇದ್ದರೆ ಅಲೆ ಸಲೀಸಾಗಿ ದಾಟುತ್ತದೆ. ತಪ್ಪಿದರೆ ಒಂದಂಶ ಹಿಂದಿರುಗಿ ವಿನ್ಯಾಸವನ್ನೇ ಕದಡುತ್ತದೆ.

ಆದಕಾರಣ ಪ್ರತಿಧ್ವನಿರಹಿತ ಕೊಠಡಿಯಲ್ಲಿ ಅಳೆದು ನೋಡುವುದು ಅನಿವಾರ್ಯ. 5 ಸೆಂ.ಮೀ. ಉದ್ದದ ಸಾಲಿಗೆ 40 ಸೆಂ.ಮೀ.ಗಿಂತ ಹೆಚ್ಚಿನ ಅಂತರ ಸಾಕು. ಸೆನ್ಸರನ್ನು ಮುಚ್ಚಳಸಹಿತ ಮೆಲ್ಲನೆ ತಿರುಗಿಸುತ್ತ, ಪ್ರತಿ ಕೋನದಲ್ಲೂ ಅಳೆದ ಶಕ್ತಿಯನ್ನು ಲೆಕ್ಕದ ನಕ್ಷೆಯೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡಲ್ಲಿ ಮೊದಲು ಸ್ಥಿರಾಂಕವನ್ನೂ ಮುಚ್ಚಳದ ಅಳತೆಯನ್ನೂ ತಿದ್ದಿ ಮತ್ತೆ ಲೆಕ್ಕ ಹಾಕಲಾಗುತ್ತದೆ.